ಸೂಜಿ ಹಾರದ ಮನೆ

ಅತ್ತೆ ಬಂದ ಮಾರನೆಯ ದಿನವೇ ಸೂಜಿ ಹಾರಿತು.

ಅಳಿಯ ಆಗಷ್ಟೇ ಕೈ ತೊಳೆದು, ಒರೆಸಿ, ಸಾಲದೆಂಬಂತೆ ಅಂಗಿಗೆ ಇನ್ನೊಮ್ಮೆ ಒರೆಸಿಕೊಂಡು ರೆಕಾರ್ಡ್ ಪ್ಲೇಯರಿನ ಮುಂದೆ ಕೂತಿದ್ದ. ಕಪ್ಪು ತಟ್ಟೆ ತಿರುಗುತ್ತಿತ್ತು. ಹಾಡುಗಾರ್ತಿ ಉಸಿರೆಳೆದುಕೊಂಡು ಮೇಲಿನ ಸ್ವರಕ್ಕೆ ಏರುವ ಹೊತ್ತಿಗೆ ಸರಿಯಾಗಿ ಕಾರಿಡಾರಿನ ಹಲಗೆ ನೆಲದ ಮೇಲೆ ಧಡ್, ಧಡ್ ಎಂದು ಎರಡು ಹೆಜ್ಜೆ ಬಿದ್ದವು. ಸೂಜಿ ಎಗರಿ ನಾಲ್ಕಾರು ಗೆರೆ ದಾಟಿ ಕೂತಿತು. ಏರಬೇಕಿದ್ದವಳು ಏರದೆಯೇ ಇಳಿದುಬಿಟ್ಟಳು.

"ಛೆ!" ಎಂದ ಅಳಿಯ. ಅಷ್ಟೇ. ಅದಕ್ಕಿಂತ ಹೆಚ್ಚು ಒಂದು ಮಾತೂ ಅವನ ಬಾಯಿಂದ ಹೊರಡಲಿಲ್ಲ. ಆದರೆ ಮುಖವಿತ್ತಲ್ಲ, ಅದಕ್ಕೆ ಯಾರು ಬೀಗ ಹಾಕುತ್ತಾರೆ? ಹರಳೆಣ್ಣೆ ಕುಡಿದವನ ಹಾಗೆ ಸಿಂಡರಿಸಿಕೊಂಡ ಆ ಮುಖವನ್ನು ಬಾಗಿಲ ಬಳಿ ಕೋಲೂರಿ ನಿಂತಿದ್ದ ಅತ್ತೆ ಕಣ್ಣಾರೆ ನೋಡಿದರು.

ಅತ್ತೆ ಬಂದದ್ದು ನೆಂಟಸ್ತನಕ್ಕಲ್ಲ. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಸದ್ಯಕ್ಕೆ ಒಬ್ಬರೇ ಇರುವ ಹಾಗಿಲ್ಲ ಎಂದು ಮಗಳು ಕರೆತಂದಿದ್ದಳು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ದಿನಾ ನಡೀಬೇಕು. ಹಿಮ್ಮಡಿ ಊರಿ, ಮೈಭಾರ ಪೂರ್ತಿ ಆ ಕಾಲ್ಮೇಲೆ ಬಿಟ್ಟು ನಡೀಬೇಕು. ಈಗ ನಡೀಲಿಲ್ಲ ಅಂದ್ರೆ ಆಮೇಲೆ ಬೇಕು ಅಂದ್ರೂ ಆಗಲ್ಲ." ಅತ್ತೆಗೂ ಬೇಕಿದ್ದದ್ದು ಅದೇ. ಅವರದೇ ಒಂದು ಪುಟ್ಟ ಮನೆಯಿತ್ತು, ಮುಂದೆ ಹೂವಿನ ಕುಂಡಗಳಿದ್ದವು. ಸ್ವಂತ ಕಾಲಲ್ಲಿ ಮೆಟ್ಟಿಲಿಳಿದು ಅಲ್ಲಿಗೆ ವಾಪಸು ಹೋಗಬೇಕೆಂಬುದು ಅವರಿಗೊಂದು ಜಪವೇ ಆಗಿತ್ತು. "ಪಕ್ಕದ ಮನೆಯೋಳು ನೀರು ಹಾಕ್ತೀನಿ ಅಂದಿದಾಳೆ. ಅವಳು ಹಾಕೋ ಚೆಂದ ನನಗೆ ಗೊತ್ತಿಲ್ವಾ?" ಎಂದು ಮಗಳ ಹತ್ತಿರ ದಿನಾ ಹಲುಬುತ್ತಿದ್ದರು.

ಅಳಿಯನ ಕಸುಬು ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಬಾಯಿಂದ ತೆಗೆದು ಕಳಿಸುವ ಅಚ್ಚಿಗೆ ಪ್ಲಾಸ್ಟರು ಸುರಿದು, ಮೇಣದಲ್ಲಿ ವಸಡು ಕಟ್ಟಿ, ಕೂದಲೆಳೆಯ ಲೆಕ್ಕದಲ್ಲಿ ಹಲ್ಲು ಕೂರಿಸಬೇಕು. ಪ್ಲಾಸ್ಟರಿನಲ್ಲಿ ಗುಳ್ಳೆ ನಿಲ್ಲಬಾರದೆಂದು ಅಚ್ಚನ್ನು ಗಡಗಡ ನಡುಗುವ ಯಂತ್ರದ ತಟ್ಟೆಯ ಮೇಲೆ ಹಿಡಿದಿರಬೇಕು. ಹಿಡಿದು ಹಿಡಿದು ಆ ನಡುಕ ಅವನ ಮೈಗೇ ಇಳಿದಿತ್ತೋ ಏನೋ, ಕೂತಲ್ಲಿ ಕೂರುವ ಆಸಾಮಿಯಲ್ಲ. ಕೂತರೆ ಮಂಡಿ ಕುಣಿಯುತ್ತದೆ, ನಿಂತರೆ ಬೆರಳು ಮೇಜು ಕುಟ್ಟುತ್ತದೆ. ಮನೆಯಲ್ಲಾದರೂ ಒಂದು ಹಾಡನ್ನು ನೆಮ್ಮದಿಯಾಗಿ ಕೇಳಿಯಾನೇ? ಊಹೂಂ. ಅರ್ಧ ಹಾಡಿಗೆ ಎದ್ದು ಪ್ಲೇಯರು ಸಮವಾಗಿ ಕೂತಿದೆಯೇ ಎಂದು ರಸಮಟ್ಟ ಇಟ್ಟು ನೋಡುತ್ತಾನೆ, ಸೂಜಿಯ ಭಾರ ತೂಗುತ್ತಾನೆ, ಸ್ಪೀಕರನ್ನು ಗೋಡೆಯಿಂದ ಬೆರಳಗಲ ಎಳೆಯುತ್ತಾನೆ, ಮತ್ತೆ ಬೆರಳಗಲ ತಳ್ಳುತ್ತಾನೆ. ಹಾಡಿನಲ್ಲಿ ಏನು ಕೆಟ್ಟಿದೆ ಎಂದು ಹುಡುಕುವವನೇ ಹೊರತು ಹಾಡು ಕೇಳುವವನಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಈ ಅತ್ತೆ ಅಳಿಯ ಇಷ್ಟು ವರ್ಷದಲ್ಲಿ ಒಬ್ಬರ ಮುಖಕ್ಕೆ ಒಬ್ಬರು ನೇರವಾಗಿ ಮಾತಾಡಿದವರಲ್ಲ. ಜಗಳವೇನೂ ಇಲ್ಲ, ಸಂಕೋಚ. ಎದುರೆದುರು ಕೂತಿದ್ದರೂ, "ಅವರಿಗೆ ಕಾಫಿ ಬೇಕಾ ಕೇಳು" ಎಂದು ಇವನು ಹೆಂಡತಿಗೆ ಹೇಳಬೇಕು. "ಈಗ ಬೇಡ್ವಂತೆ ಅನ್ನು" ಎಂದು ಅವರು ಮಗಳಿಗೆ ಹೇಳಬೇಕು. ಅತ್ತೆಯ ಹಲ್ಲಿನ ಸೆಟ್ಟು ಮಾಡಿದ್ದೂ ಇವನೇ. ಆಗಲೂ ಅವರ ಬಾಯಿ ಮುಂದೆಯೇ ನಿಂತು, "ಕಚ್ಚಿದ್ರೆ ನೋವಾಗುತ್ತಾ ಅಂತ ಕೇಳೇ" ಎಂದು ಅಡುಗೆಮನೆಯ ಕಡೆ ಕೂಗಿದ್ದ ಪುಣ್ಯಾತ್ಮ.

ಹೀಗಿರುವಾಗ ಮೆಲ್ಲಗೆ ನಡೀರಿ ಎಂದು ಹೇಳುವುದುಂಟೇ?

"ಅಮ್ಮ ಹಾಗೇ ನಡೀಬೇಕು ಕಣ್ರೀ, ಡಾಕ್ಟರ್ ಹೇಳಿದಾರೆ" ಎಂದಳು ಹೆಂಡತಿ, ಅವನ ಮುಖ ನೋಡಿಯೇ.

"ನಾನೇನಾದ್ರೂ ಅಂದ್ನಾ?"

ಅಂದಿರಲಿಲ್ಲ ನಿಜ. ಅನ್ನುವ ಬದಲು ಅವನು ಕೆಲಸಕ್ಕೆ ಇಳಿದ. ನೆಲದ ನಡುಕ ಸೂಜಿಗೆ ಮುಟ್ಟಬಾರದು, ಅಷ್ಟೇ ತಾನೇ? ನೆಲಕ್ಕೂ ಯಂತ್ರಕ್ಕೂ ನಡುವೆ ನಡುಕ ನುಂಗುವ ಒಂದು ಪೀಠ ಹಾಕಿದರಾಯಿತು. ಅವನಷ್ಟೇ ರೆಕಾರ್ಡಿನ ಹುಚ್ಚಿದ್ದ ಗೆಳೆಯ, ಗಡಿಯಾರ ರಿಪೇರಿಯವನು, ಕೇಳಿ ಮೂಗು ಮುರಿದ.

"ಅಂಗಡೀಲಿ ರೆಡಿಮೇಡ್ ಸಿಗುತ್ತೆ, ತಗೊಂಡು ಬಾ. ನಿನ್ನ ಕೈಲಾಗೋ ಕೆಲಸ ಅಲ್ಲ ಅದು."

ಈ ಮಾತು ಸಾಕಾಯಿತು. ಮೊದಲನೆಯ ಪೀಠ ದಪ್ಪ ಮರದ ಹಲಗೆಯದು, ಕೆಳಗೆ ನಾಲ್ಕು ಸ್ಪ್ರಿಂಗು. ಹಾಕಿದ ಮೇಲೆ ಸೂಜಿ ಹಾರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಎರಡನೆಯದಕ್ಕೆ ಟೆನಿಸ್ ಚೆಂಡನ್ನು ಹೋಳು ಮಾಡಿ ಕವುಚಿ ಇಟ್ಟ. ಆಗ ದಿನಕ್ಕೊಮ್ಮೆ ಹಾರಿದರೆ ಹೆಚ್ಚು. ಮೂರನೆಯದು ಅವನ ಕಸುಬಿನ ಪೀಠ. ವರ್ಕ್‌ಶಾಪಿನಲ್ಲಿ ಹಲ್ಲಿನ ಪ್ಲಾಸ್ಟರನ್ನೇ ಕಲಸಿ, ಗುಳ್ಳೆಯಿಲ್ಲದ ಹಾಗೆ ನಡುಗಿಸಿ, ಒಬ್ಬನೇ ಎತ್ತಲಾಗದಷ್ಟು ಭಾರದ ಚಪ್ಪಡಿ ಎರಕ ಹೊಯ್ದ. ಬಾಯಿಯ ಅಚ್ಚು ತೆಗೆಯುವ ನೀಲಿ ರಬ್ಬರಿನಲ್ಲಿ ಅದಕ್ಕೆ ನಾಲ್ಕು ಕಾಲು ಮಾಡಿದ. ತಂದು ಕೂರಿಸಿದ ಮೇಲೆ ಸೂಜಿ ಒಮ್ಮೆಯೂ ಹಾರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ರೆಕಾರ್ಡು ಹಾಕಿಟ್ಟು, ಕೆಳ ಅಂತಸ್ತಿನ ವರ್ಕ್‌ಶಾಪಿನಿಂದ ಹತ್ತಿ ಹತ್ತಿ ಬಂದು, ಮುಗಿದಾಗೆಲ್ಲ ತಿರುವಿ ಹಾಕಿ ಕೇಳಿದ. ಕೇಳಿದಷ್ಟೂ ಹಾಡು ಸರಾಗ. ತನ್ನ ಬೆನ್ನು ತಾನೇ ತಟ್ಟಿಕೊಂಡ.

ತಾನೇ ನೆಲಕ್ಕೆ ಕಾಲು ಬಡಿದು ನೋಡಬಾರದಿತ್ತೇ ಎನ್ನುತ್ತೀರಿ. ನೋಡಿದ್ದ. ಬಡಿದಾಗ ಸೂಜಿ ಹಾರಿಯೂ ಇತ್ತು. ಆದರೆ ಈ ಹುಚ್ಚಿನವರ ನ್ಯಾಯವೇ ಬೇರೆ. ನಡೆಯುವವನೇ ಕಿವಿಗೊಟ್ಟು ನಿಂತರೆ ಅದೆಂಥ ಪರೀಕ್ಷೆ, ಬೇಕಂತಲೇ ಕುಣಿಯುವ ಕಾಲು ಬೇರೆ, ತನ್ನ ಪಾಡಿಗೆ ನಡೆಯುವ ಕಾಲು ಬೇರೆ ಎಂದು ಅದನ್ನು ಲೆಕ್ಕದಿಂದಲೇ ಕೈಬಿಟ್ಟ. ಹೆಂಡತಿಯದು ಹೂವಿನಂಥ ನಡಿಗೆ, ಅದಕ್ಕೆ ಸೂಜಿ ಎಂದೂ ಅಲುಗಿದ್ದಿಲ್ಲ. ಆ ಮನೆಯಲ್ಲಿ ನಿಜವಾದ ಪರೀಕ್ಷೆಯೆಂದರೆ ಅತ್ತೆಯ ಹಿಮ್ಮಡಿಯೊಂದೇ, ಅದರಲ್ಲಿ ತನ್ನ ಪೀಠ ಗೆದ್ದಿದೆ ಎಂದು ಅವನ ನಂಬಿಕೆ.

ಅತ್ತೆ ಮಗಳ ಹತ್ತಿರ ಉಣ್ಣೆಯ ಕಾಲುಚೀಲ ಕೇಳಿ ಹಾಕಿಕೊಂಡದ್ದು ಸ್ಪ್ರಿಂಗು ಬಂದ ವಾರ. "ಕಾಲು ತಣ್ಣಗಾಗುತ್ತೆ ಕಣೇ" ಎಂದಿದ್ದರು. ತಟ್ಟೆ ತಿರುಗುವಾಗ ಹಾಸಿಗೆಯ ಅಂಚಿನಲ್ಲಿ ಕೂತು ಕಾಯುವುದನ್ನು ರೂಢಿ ಮಾಡಿಕೊಂಡದ್ದು ಟೆನಿಸ್ ಚೆಂಡಿನ ಹೊತ್ತಿಗೆ. ಚಪ್ಪಡಿ ಬಂದ ಮೇಲೆ ತಟ್ಟೆ ನಿಲ್ಲುವುದೇ ಇಲ್ಲವಲ್ಲ! ಸಂಜೆ ಲೈಬ್ರರಿಯ ಕೆಲಸ ಮುಗಿಸಿ ಬಂದ ಮಗಳು, "ನಡೆದ್ಯಾ ಅಮ್ಮ?" ಎಂದರೆ, "ಹ್ಞೂಂ, ಆಯ್ತಲ್ಲ" ಎನ್ನುವರು. ನಿಮಗೆ ಆಗಲೇ ಹೊಳೆದಿರಬೇಕು. ಅಳಿಯನಿಗೆ ಹೊಳೆಯಲಿಲ್ಲ.

ರಜೆಯ ದಿನ ಮಧ್ಯಾಹ್ನ ಗಡಿಯಾರದವನನ್ನು ಊಟಕ್ಕೆ ಕರೆದ. ಊಟ ನೆಪ. ಗೆಳೆಯ ಚಪ್ಪಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣಿಗೆ ತನ್ನ ಕಸುಬಿನ ಭೂತಗನ್ನಡಿ ಸಿಕ್ಕಿಸಿಕೊಂಡು ನೀಲಿ ಕಾಲುಗಳನ್ನು ಒಂದೊಂದಾಗಿ ನೋಡಿದ.

"ನೋಡೋಕೇನೋ ಚೆನ್ನಾಗಿದೆ. ಸೂಜಿ ಹಾರಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?"

"ನಮ್ಮತ್ತೆ ನಡೆದ್ರೂ ಹಾರಲ್ಲ, ಗೊತ್ತಾ?"

"ಎಲ್ಲಿ, ನಡೆಸು ಮತ್ತೆ."

ಹೆಂಡತಿ ಅಡುಗೆಮನೆಯಲ್ಲಿದ್ದಳು. ಕರೆದು, ಅವಳ ಮೂಲಕ ಹೇಳಿಸುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ರೆಕಾರ್ಡು ಹಾಕಿದವನೇ ಅತ್ತೆಯ ಕೋಣೆಯ ಬಾಗಿಲಿಗೆ ಹೋಗಿ ನಿಂತ. ಇಷ್ಟು ವರ್ಷಕ್ಕೆ ಅವನು ಅವರೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಇದು:

"ಅತ್ತೆ, ಸ್ವಲ್ಪ ಕಾರಿಡಾರಲ್ಲಿ ನಡೀತೀರಾ?"

ಅತ್ತೆ ತಬ್ಬಿಬ್ಬಾದರು. "ಈಗಲಾ? ಹಾಡು ಹಾಕಿದೀರಲ್ಲ?"

"ಅದಕ್ಕೇ."

ಅವರು ಕೋಲು ಹಿಡಿದರು. ಎದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಬಾಗಿಲ ಚೌಕಟ್ಟು ಹಿಡಿದು ಕಾರಿಡಾರಿಗೆ ಬಂದರು. ಅಳಿಯನ ಕಣ್ಣು ಸೂಜಿಯ ಮೇಲೆ, ಗೆಳೆಯನ ಕಣ್ಣೂ ಸೂಜಿಯ ಮೇಲೆ. ಒಂದು ಹೆಜ್ಜೆ. ಹಾಡು ಸರಾಗ. ಇನ್ನೊಂದು ಹೆಜ್ಜೆ. ಹಾಡುಗಾರ್ತಿ ಮೇಲಿನ ಸ್ವರಕ್ಕೆ ಏರಿ, ನಿಂತು, ಅಲ್ಲೇ ಆಡತೊಡಗಿದಳು.

"ಭಲೇ! ಸೋತೆ ಕಣಯ್ಯ, ಒಪ್ಕೊಂಡೆ" ಎಂದ ಗಡಿಯಾರದವನು.

ಅಳಿಯ ಬೀಗುತ್ತ ಕತ್ತೆತ್ತಿ ಅತ್ತೆಯ ಕಡೆ ನೋಡಿದ. ಮುಖವನ್ನಲ್ಲ, ಕಾಲನ್ನು. ಉಣ್ಣೆಯ ಕಾಲುಚೀಲದೊಳಗೆ ಬೆರಳ ತುದಿಯಷ್ಟೇ ನೆಲಕ್ಕಿತ್ತು. ಹಿಮ್ಮಡಿ ಮೇಲೆದ್ದು, ಮೊಣಕಾಲು ನಡುಗುತ್ತಿತ್ತು. ಆಪರೇಷನ್ ಆದ ಕಾಲು ಇನ್ನೊಂದಕ್ಕಿಂತ ಸೊರಗಿ ಕಡ್ಡಿಯಾಗಿದ್ದುದು ಸೀರೆಯ ಅಂಚಿನ ಕೆಳಗೆ ಕಾಣುತ್ತಿತ್ತು. ಆಮೇಲೆ ಮುಖ ನೋಡಿದ. ಹಣೆಯ ಮೇಲೆಲ್ಲ ಬೆವರು, ಆದರೂ ಆ ಮುಖದಲ್ಲಿ ಪರೀಕ್ಷೆ ಪಾಸಾದ ಮಗುವಿನ ಆಸೆ.

"ಹಾರ್ಲಿಲ್ಲ ಅಲ್ವಾ?" ಎಂದರು ಅತ್ತೆ.

ಅವನು ಉತ್ತರ ಕೊಡುವಷ್ಟರಲ್ಲಿ ಕೋಲು ಜಾರಿತು. ಅತ್ತೆ ಗೋಡೆಗೆ ಒರಗಿ, ಗೋಡೆಯುದ್ದಕ್ಕೂ ಕುಸಿದು ಕೂತರು. ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. ಆಗಲೂ ಆ ದರಿದ್ರ ಸೂಜಿ ಅಲುಗಲಿಲ್ಲ. ಹಾಡು ತನ್ನ ಪಾಡಿಗೆ ನಡೆದೇ ಇತ್ತು.

ಮೂಳೆಗೆ ಪೆಟ್ಟಾಗಿರಲಿಲ್ಲ, ಪುಣ್ಯ. ವ್ಯಾಯಾಮ ಹೇಳಿಕೊಡುವ ಫಿಸಿಯೋ ಹೆಂಗಸು ಬಂದು ಕಾಲು ಹಿಡಿದು ನೋಡಿ ನೇರವಾಗಿಯೇ ಕೇಳಿದಳು: "ಇವರು ನಡೆದೇ ಇಲ್ವಲ್ಲ! ಯಾರು ನಡೀಬೇಡಿ ಅಂದಿದ್ದು?"

"ಯಾರೂ ಅಂದಿಲ್ಲಮ್ಮ" ಎಂದರು ಅತ್ತೆ.

"ಇನ್ನೂ ಕಾಲ ಮಿಂಚಿಲ್ಲ. ಆದ್ರೆ ಹೀಗೇ ಬಿಟ್ರೆ ಗಾಲಿ ಕುರ್ಚಿನೇ ಗತಿ, ಹೇಳಿರ್ತೀನಿ."

ಅವಳು ಹೋದ ಮೇಲೆ ಹೆಂಡತಿ ಗಂಡನ ಕಡೆ ತಿರುಗಿದಳು. ಕೂಗಾಡಿದ್ದರೆ ಅವನಿಗೂ ಎಷ್ಟೋ ಹಗುರಾಗುತ್ತಿತ್ತು. "ನೀವು ಒಂದು ಮಾತೂ ಅನ್ಲಿಲ್ಲ ರೀ" ಎಂದಳು. "ಅಂದಿದ್ರೆ ಅಮ್ಮ ಜಗಳಾನಾದ್ರೂ ಆಡ್ತಿದ್ಲು. ನಿಮ್ಮ ಮುಖದ ಜೊತೆ ಹೇಗೆ ಜಗಳ ಆಡೋದು?"

ಅವನಿಗೆ ನಾಚಿಕೆಯಾಯಿತು. ಸ್ಪ್ರಿಂಗಿಗೆ ಅರ್ಧ, ಚೆಂಡಿಗೆ ಮುಕ್ಕಾಲು, ಚಪ್ಪಡಿಗೆ ಪೂರ್ತಿ ಎಂದು ತಾನು ಹಿಗ್ಗಿದ್ದೆಲ್ಲ ಏನು? ಒಂದು ಜೀವ ದಿನದಿನಕ್ಕೆ ಕಾಲು ಮಡಚಿಕೊಂಡು ಕೂತದ್ದನ್ನು ತಾನು ಸೂಜಿಯಲ್ಲಿ ಅಳೆದು ಖುಷಿಪಟ್ಟಿದ್ದೆ ಎಂದು ತಿಳಿದಾಗ ಅವನಿಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ಚಪ್ಪಡಿಯನ್ನು ಅವನೂ ಗಡಿಯಾರದವನೂ ಏದುಸಿರು ಬಿಡುತ್ತ ಕೆಳಗಿಳಿಸಿದರು. "ತಲೆ ಕೆಟ್ಟಿದೆಯಾ ನಿನಗೆ? ಗೆದ್ದ ಮೇಲೆ ಕೀಳ್ತಿದೀಯಲ್ಲ!" ಎಂದ ಗೆಳೆಯ. ಅಳಿಯ ಪ್ಲೇಯರನ್ನು ಎತ್ತಿಕೊಂಡು ಹೋಗಿ ಕಾರಿಡಾರಿನ ಬರೀ ಹಲಗೆಯ ಮೇಲೆ, ನೆಲದ ಅತ್ಯಂತ ಸಡಿಲ ಜಾಗ ಹುಡುಕಿ ಇಟ್ಟ. ಆಮೇಲೆ ಅತ್ತೆಯ ಕೋಣೆಗೆ ಹೋದ. ಕುರ್ಚಿಯಿದ್ದರೂ ಕೂರಲಿಲ್ಲ.

"ಅತ್ತೆ, ಆ ಕಾಲುಚೀಲ ತೆಗೀರಿ."

"ಯಾಕಪ್ಪಾ? ನಿಮ್ಮ ಹಾಡು..."

"ಹಾಡಿನ ಮನೆ ಹಾಳಾಗ. ನೀವು ನಡೀಬೇಕು. ಸೂಜಿ ಹಾರೋವರೆಗೂ ನಡೀಬೇಕು."

ಹೇಳಿದಷ್ಟು ಸುಲಭವೇ? ಮೊದಮೊದಲು ಅತ್ತೆ ಮಗಳ ತೋಳು ಹಿಡಿದು ಬಾಗಿಲಿಂದ ಕಿಟಕಿಗೆ ಹೋಗುವಷ್ಟರಲ್ಲೇ ಸುಸ್ತಾಗುತ್ತಿದ್ದರು. ತಟ್ಟೆ ತಿರುಗುತ್ತಿತ್ತು, ಹಾಡು ಒಂದು ಚೂರೂ ಕೆಡದೆ ಮೊದಲಿಂದ ಕೊನೆಯವರೆಗೆ ಬರುತ್ತಿತ್ತು. ಅಳಿಯನಿಗೆ ಆ ಸರಾಗವೇ ತಡೆಯಲಾಗದ ಹಿಂಸೆಯಾಯಿತು. ಕೆಳಗೆ ವರ್ಕ್‌ಶಾಪಿನಲ್ಲಿ ಮೇಣ ಕರಗಿಸುತ್ತ ಮೈಯೆಲ್ಲ ಕಿವಿಯಾಗಿ ಕೂರುವನು. ಮೇಲೆ ಹಾಡು ಮುರಿಯಿತೇ? ಇಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಮೆಟ್ಟಿಲು ಹತ್ತುವನು, ಇಳಿಯುವನು. ಯಾರದೋ ಮೇಲಿನ ಸೆಟ್ಟಿಗೆ ಕೆಳಗಿನ ಹಲ್ಲು ಕೂರಿಸಿ ದಂತವೈದ್ಯರಿಂದ ಬೈಸಿಕೊಂಡ. ಇಡೀ ಹಾಡು ಬಾಯಿಪಾಠವಾಯಿತು. ಅದು ಎಷ್ಟು ಚೆಂದದ ಹಾಡೆಂದು ಅವನಿಗೆ ಗೊತ್ತಾದದ್ದೂ ಆಗಲೇ.

"ಅವಸರ ಮಾಡಿದ್ರೆ ಆಗುತ್ತೇನಪ್ಪಾ?" ಎಂದು ಅತ್ತೆಯೇ ಸಮಾಧಾನ ಹೇಳಿದರು. ಈಗ ನಡುವೆ ಮಗಳ ಹಂಗಿರಲಿಲ್ಲ. "ನೀವು ಸ್ವಲ್ಪ ಕೂತ್ಕೊಳ್ಳಿ. ನೀವು ಓಡಾಡೋದು ನೋಡೇ ನನಗೆ ತಲೆ ತಿರುಗುತ್ತೆ."

ಒಂದು ದಿನ ಬೆಳಿಗ್ಗೆ ಅವನು ಬಚ್ಚಲಲ್ಲಿ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು ಬ್ಲೇಡು ಎತ್ತಿದ್ದ. ಹೊರಗೆ ಹಾಡುಗಾರ್ತಿ ಉಸಿರೆಳೆದುಕೊಂಡಳು. ಇನ್ನೇನು ಏರಬೇಕು.

ಧಡ್.

ಏರದೆಯೇ ಇಳಿದುಬಿಟ್ಟಳು.

ನೊರೆ ಮೆತ್ತಿದ ಮುಖದಲ್ಲೇ ಅವನು ಕಾರಿಡಾರಿಗೆ ಓಡಿ ಬಂದ. ಅತ್ತೆ ನಟ್ಟನಡುವೆ ಬರಿಗಾಲಲ್ಲಿ, ಯಾರ ತೋಳೂ ಹಿಡಿಯದೆ, ಕೋಲೊಂದನ್ನೇ ಊರಿ ನಿಂತಿದ್ದರು. ಹಿಮ್ಮಡಿ ಹಲಗೆಗೆ ಅಂಟಿಕೊಂಡಿತ್ತು. ರೆಕಾರ್ಡಿನ ಕಡೆ ನೋಡಿ, ಅಭ್ಯಾಸಬಲದಿಂದ ಅವನ ಮುಖದ ಕಡೆ ಹೆದರಿ ನೋಡಿದರು. ನೊರೆಯ ಅಡಿಯಲ್ಲಿ ಆ ಮುಖ ಏನು ಹೇಳುತ್ತಿದೆಯೋ ಕಾಣಲಿಲ್ಲ.

"ಕೆಡ್ತಾ?" ಎಂದರು.

"ಕೆಡ್ತು ಅತ್ತೆ, ಪೂರ್ತಿ ಕೆಡ್ತು" ಎಂದ ಅಳಿಯ. ಅಲ್ಲೇ ನೆಲದ ಮೇಲೆ ಕೂತು, ಸೂಜಿಯನ್ನೆತ್ತಿ ಮತ್ತೆ ಹಾಡಿನ ಮೊದಲಿಗೆ ಇಟ್ಟ. "ಇನ್ನೊಂದ್ಸಲ ಕೆಡಿಸಿ, ನೋಡೋಣ."