ಉಪಪ್ರಶ್ನೆಯ ಹಾಳೆ

ಜಯನಗರದ ಸೇತುರಾಮ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ನಿಜವನ್ನು ಯಾರ ಕೈಗೂ ಸಿಗದ ಹಾಗೆ ಹೇಳುವುದರಲ್ಲಿ ಅವನನ್ನು ಮೀರಿಸುವವರು ಕಚೇರಿಯಲ್ಲಿ ಇರಲಿಲ್ಲ. ಕಚೇರಿಯೆಂದರೆ ಬ್ಯಾಂಕುಗಳಿಗೆಲ್ಲ ಹಿರಿಯಣ್ಣನಾದ ಕೇಂದ್ರ ಬ್ಯಾಂಕಿನ ಬೆಂಗಳೂರು ಕಚೇರಿ. ಬ್ಯಾಂಕಿನ ತೀರ್ಮಾನಗಳ ಬಗ್ಗೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂದರೆ ಎದ್ದು ನಿಂತು ಉತ್ತರ ಓದುವವರು ಮಂತ್ರಿಗಳು, ಬರೆದುಕೊಡುವವರು ಸೇತುರಾಮನಂಥವರು. ಪ್ರಶ್ನೆಗೆ ಅ, ಆ, ಇ ಎಂದು ಭಾಗಗಳಿರುತ್ತವೆ. ಮೊದಲನೆಯದಕ್ಕೆ ‘ಇಲ್ಲ’ ಎಂದುಬಿಟ್ಟರೆ ಮಿಕ್ಕದ್ದಕ್ಕೆಲ್ಲ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದು ಕೈತೊಳೆದುಕೊಳ್ಳಬಹುದು. ಆ ಒಂದು ‘ಇಲ್ಲ’ವನ್ನು ಹುಡುಕಿ ತೆಗೆಯುವುದರಲ್ಲಿ ಸೇತುರಾಮ ಪಳಗಿದ ಕೈ.

ಅರವತ್ತೈದನೇ ಇಸವಿಯ ಜನವರಿಯಲ್ಲಿ ಬೊಂಬಾಯಿಯ ಮುಖ್ಯ ಕಚೇರಿಯಿಂದ ಕಾಗದ ಬಂದಿತ್ತು: ಬಡ್ಡಿ ದರ ಏರಿಸಿದರೆ ಸಣ್ಣ ಕಾರ್ಖಾನೆಗಳ ಗತಿ ಏನು? ಸೇತುರಾಮ ಸೈಕಲ್ ತುಳಿದು ಹದಿನಾಲ್ಕು ಶೆಡ್ಡುಗಳನ್ನು ನೋಡಿಬಂದು ನಾಲ್ಕು ಪುಟದ ಟಿಪ್ಪಣಿ ಬರೆದು ಕಳಿಸಿದ. ಅದರಲ್ಲಿ ಒಂದಿಡೀ ಪುಟ ಸಾರಕ್ಕಿಯ ಬೋರಣ್ಣನ ಮಾತೇ. ಬೋರಣ್ಣನ ಹೊಲ ಬಡಾವಣೆಗೆ ಹೋಗಿತ್ತು. ಬಂದ ಪರಿಹಾರದಲ್ಲಿ ಅವನು ಎರಡು ಲೇತ್ ಯಂತ್ರ ಕೊಂಡು ದೊಡ್ಡ ಕಾರ್ಖಾನೆಗಳಿಗೆ ಬೋಲ್ಟು ಮಾಡಿಕೊಡುತ್ತಿದ್ದ. ದರ ಏರಿದರೆ ಬ್ಯಾಂಕಿನವರು ಮೊದಲು ಕೈಬಿಡುವುದು ತನ್ನಂಥವರನ್ನೇ, ಮೂರು ತಿಂಗಳೊಳಗೆ ಶೆಡ್ಡಿಗೆ ಬೀಗ ಎಂದು ಅವನು ಲೆಕ್ಕ ಹಾಕಿದವನಂತೆ ಹೇಳಿದ್ದ. ಆಮೇಲೆ ಕಾಫಿ ಲೋಟ ಕೊಡುತ್ತ, “ಇದು ಮೇಲಿನೋರ್ಗೆ ತಲುಪ್ತದಾ ಸಾರ್?” ಎಂದು ಕೇಳಿದ್ದ. ತಲುಪಿಸುವುದು ತನ್ನ ಜವಾಬ್ದಾರಿ ಎಂದು ಸೇತುರಾಮ ಮಾತು ಕೊಟ್ಟಿದ್ದ.

ಫೆಬ್ರವರಿಯಲ್ಲಿ ದರ ಏರಿತು. ಬೆಲೆಗಳು ಗಗನಕ್ಕೇರಿದ್ದವು, ಏರಿಸಲೇಬೇಕಿತ್ತೆಂದು ಸೇತುರಾಮನಿಗೂ ಅನ್ನಿಸಿತ್ತು. ಸಾರಕ್ಕಿಯಲ್ಲಿ ಒಂದು ಲೇತ್ ನಿಂತುಹೋಯಿತು. ಭಾನುವಾರ ಜಯನಗರದ ಕಡೆ ಬಂದಾಗಲೆಲ್ಲ ಬೋರಣ್ಣ ಗೇಟಿನ ಬಳಿ ಸೈಕಲ್ ನಿಲ್ಲಿಸಿ, ತಲುಪಿತೇ ಎಂದು ಕೇಳುತ್ತಿದ್ದ. ವಿಚಾರಿಸುತ್ತಿದ್ದೇನೆ ಎಂದು ಸೇತುರಾಮ ಸಾಗಹಾಕುತ್ತಿದ್ದ.

“ಮನೆ ಗೇಟಲ್ಲೂ ಪಾರ್ಲಿಮೆಂಟಿನ ಉತ್ತರಾನೇ ಕೊಡ್ತೀರಲ್ಲ,” ಎಂದಳು ಹೆಂಡತಿ ವಿಮಲಾ.

ಏಪ್ರಿಲ್‌ನಲ್ಲಿ ಪ್ರಶ್ನೆ ಬಂದೇಬಂತು. (ಅ) ದರ ಏರಿಸುವ ಮೊದಲು ಸಣ್ಣ ಕಾರ್ಖಾನೆಗಳ ಬಗ್ಗೆ ಅಧ್ಯಯನ ನಡೆದಿತ್ತೆ? (ಆ) ನಡೆದಿದ್ದರೆ ಅದು ಏನು ಹೇಳಿತು? (ಇ) ಆದರೂ ಏರಿಸಿದ್ದೇಕೆ? ಮೇಲಧಿಕಾರಿ ಶಾಮಣ್ಣನವರು ಬಾಗಿಲು ಮುಂದೆ ಮಾಡಿ, ಟಿಪ್ಪಣಿ ಹೊರಬಿದ್ದರೆ ಬೊಂಬಾಯಿಯವರ ಮುಖಕ್ಕೆ ಮಸಿ, ನಿಮ್ಮ ಬಡ್ತಿಯ ಫೈಲೂ ಅಲ್ಲೇ ಇದೆ ಎಂದರು. ಸೇತುರಾಮನಿಗೆ ದಾರಿ ಹೊಳೆಯಲು ಎರಡು ನಿಮಿಷವೂ ಬೇಕಾಗಲಿಲ್ಲ. ತಾನು ಬರೆದದ್ದು ಟಿಪ್ಪಣಿ, ಅಧ್ಯಯನವಲ್ಲ. ಆದ್ದರಿಂದ ‘ಅ’ಗೆ ಉತ್ತರ ‘ಇಲ್ಲ’. ಶಾಮಣ್ಣನವರು ಭೇಷ್ ಎಂದರು. ಸೇತುರಾಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಉತ್ತರದ ಜೊತೆ ಇನ್ನೊಂದು ಹಾಳೆ ಹೋಗುವುದು ರೂಢಿ. ಸದಸ್ಯರು ಸ್ಥಳದಲ್ಲೇ ಉಪಪ್ರಶ್ನೆ ಎಸೆದರೆ ಮಂತ್ರಿಗಳು ತಡವರಿಸಬಾರದೆಂದು, ಏನು ಕೇಳಬಹುದು, ಏನು ಹೇಳಬೇಕು ಎಂದು ಮೊದಲೇ ಊಹಿಸಿ ಬರೆದ ಹಾಳೆ. ಅದನ್ನು ಪೂರ್ತಿ ಓದುವ ತಾಪತ್ರಯ ಯಾರಿಗೂ ಇರಲಿಲ್ಲ. ಮರುದಿನ ಬೆಳಿಗ್ಗೆ ಸೇತುರಾಮ ಎಂಟು ಸಪ್ಪೆ ಉಪಪ್ರಶ್ನೆಗಳನ್ನು ಬರೆದು, ಒಂಬತ್ತನೆಯದಾಗಿ ಸೇರಿಸಿದ: ‘ಯಾವುದಾದರೂ ಕಚೇರಿಯಿಂದ ಎಚ್ಚರಿಕೆ ಬಂದಿತ್ತೆ ಎಂದು ಕೇಳಿದರೆ: ಹೌದು. ಬೆಂಗಳೂರಿನಿಂದ ಜನವರಿಯಲ್ಲಿ ನಾಲ್ಕು ಪುಟದ ಟಿಪ್ಪಣಿ ಬಂದಿತ್ತು. ಅನೇಕ ಶೆಡ್ಡುಗಳು ಮುಚ್ಚಬಹುದೆಂದು ಅದರಲ್ಲಿತ್ತು.’ ಶಾಮಣ್ಣನವರು ಎರಡನೆಯದರವರೆಗೆ ಓದಿ ಸಹಿ ಹಾಕಿದರು. ಬೊಂಬಾಯಿಯವರು ಅಷ್ಟೂ ಓದಲಿಲ್ಲವೆಂದು ಕಾಣುತ್ತದೆ.

ಸದನದಲ್ಲಿ ಮಂತ್ರಿಗಳು ‘ಇಲ್ಲ’ ಎಂದು ಓದಿ ಕೂತರು. ಪ್ರಶ್ನೆ ಕೇಳಿದ ಸದಸ್ಯರು ಹಳೇ ವಕೀಲರು, ಬಿಡಲಿಲ್ಲ. ಅಧ್ಯಯನ ಹೋಗಲಿ, ಎಲ್ಲಿಂದಲಾದರೂ ಒಂದು ಚೀಟಿಯಾದರೂ ಬಂದಿತ್ತೋ ಎಂದರು. ಮಂತ್ರಿಗಳು ಹಾಳೆ ತಡಕಿ, ಕೈಗೆ ಸಿಕ್ಕ ಒಂಬತ್ತನೆಯದನ್ನು ಓದಿಯೇಬಿಟ್ಟರು. ಸದನದಲ್ಲಿ ಗದ್ದಲವೆದ್ದಿತು. ಟಿಪ್ಪಣಿಯನ್ನು ಸದನದ ಮುಂದಿಡಬೇಕಾಯಿತು.

ಶಾಮಣ್ಣನವರು ಕೂಗಾಡಲಿಲ್ಲ. ಹತ್ತು ದಿನದಲ್ಲಿ ಸೇತುರಾಮನಿಗೆ ಕಾನ್ಪುರಕ್ಕೆ ವರ್ಗವಾಯಿತು, ಬಡ್ತಿಯ ಫೈಲು ಮೂಲೆ ಸೇರಿತು. ಜಯನಗರದಲ್ಲಿ ಕಟ್ಟಿಸಿದ ಹೊಸ ಮನೆಯನ್ನು ಬಾಡಿಗೆಗೆ ಕೊಡಬೇಕಲ್ಲ ಎಂದು ವಿಮಲಾ ಒಮ್ಮೆ ಅತ್ತಳು, ಆಮೇಲೆ ಪಾತ್ರೆ ಕಟ್ಟತೊಡಗಿದಳು. ಸೇತುರಾಮ ಮಾತ್ರ ಬಹಳ ವರ್ಷಗಳ ಮೇಲೆ ಹಗುರಾಗಿದ್ದ. ಮದುವೆಯೂಟಕ್ಕೆ ಕಾಯುವವನಂತೆ ಭಾನುವಾರಕ್ಕೆ ಕಾದ.

ಬೋರಣ್ಣ ಬಂದ. ಎರಡನೇ ಲೇತ್ ಕೂಡ ಮಾರಿಹೋಗಿತ್ತು. ಸೇತುರಾಮ ತಾನೇ ಗೇಟು ತೆಗೆದು, ತಲುಪಿತು ಎಂದ. ಬೋರಣ್ಣನ ಮಾತನ್ನು ಮಂತ್ರಿಗಳೇ ಸದನದಲ್ಲಿ ಒಪ್ಪಿಕೊಂಡರೆಂದೂ, ಟಿಪ್ಪಣಿ ಜನವರಿಯಲ್ಲೇ ಮೇಲಿನವರ ಕೈಸೇರಿತ್ತೆಂದೂ ಪೇಪರು ಬಿಡಿಸಿ ತೋರಿಸಿದ.

ಬೋರಣ್ಣ ಪೇಪರನ್ನು ನೋಡಲೇ ಇಲ್ಲ.

“ಹಂಗಾದ್ರೆ ಗೊತ್ತಿದ್ದೂ ಏರ್ಸಿದ್ರಾ ಸಾರ್?” ಎಂದ. “ಪಾಪ, ಅವ್ರಿಗೆ ತಿಳೀದೆ ಆಗೋಗದೆ ಅಂದ್ಕಂಡು ಇಷ್ಟ್ ದಿನ ಸಮಾಧಾನ ಮಾಡ್ಕಂಡಿದ್ದೆ.”

ಬೆಲೆ ಏರಿಕೆ, ದೇಶದ ಹಿತ, ಹಣದ ಬಿಗಿ ಎಂದು ಹೇಳಲು ಸೇತುರಾಮನಿಗೆ ಬೇಕಾದಷ್ಟಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಅದಕ್ಕೆ ಅವನು ಬಾಯಿಯನ್ನೂ ತೆರೆದ. ಆದರೆ ಕೇಳಿದ್ದು ಅದಲ್ಲ.

“ಹೌದು ಬೋರಣ್ಣ,” ಎಂದ. “ಗೊತ್ತಿದ್ದೇ ಏರಿಸಿದ್ರು.”

ಬೋರಣ್ಣ ತಲೆಯಾಡಿಸಿ ಸೈಕಲ್ ತಿರುಗಿಸಿದ. ಮುಂದಿನ ಭಾನುವಾರ ಅವನು ಬರಲಿಲ್ಲ.