ಕಮಾದ್ರೆಯ ಮೇಲೆ ಕೈ ಎತ್ತುವಂತಿಲ್ಲ

ಭಾನುವಾರ ಫುಟ್ಬಾಲ್ ಆಡಿ ಮನೆಗೆ ಬಂದ ಯಾಂದ್ರಿಯ ಮೇಲ್ದುಟಿ ಸೀಳಿತ್ತು. ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ಯಾರು ಹೊಡೆದರು ಎಂದು ಅಕ್ಕ ಹಸಿಂತಾ ಕೇಳಲಿಲ್ಲ. ಕೇಳಿದರೆ ಯಾಕೆ ಹೊಡೆದರು ಎನ್ನುವ ಮಾತೂ ಬರುತ್ತದೆ, ಅದರ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಚಾಡಿಕೋರ ಅಂದ," ಎಂದು ತಮ್ಮನೇ ಶುರುಮಾಡಿದ, ಬಕೆಟ್ಟಿಗೆ ರಕ್ತ ಉಗುಳುತ್ತ. "ಎದುರು ತಂಡದವನಲ್ಲ ಅಕ್ಕ, ನಮ್ಮ ಗೋಲ್ ಕೀಪರೇ. ಗೋಲು ಹೊಡೆದೋನೂ ನಾನೇ, ಒದೆ ತಿಂದೋನೂ ನಾನೇ."

"ಬಾಯಿ ಮುಚ್ಕೊಂಡು ಐಸ್ ಇಟ್ಕೊ."

"ಬಾಯಿ ಮುಚ್ಚಕ್ಕೆ ಆಗ್ತಿಲ್ಲ ಕಣೆ. ಅದೇ ತೊಂದರೆ."

ಅವನು ನಗಲು ಹೋಗಿ ನೋವಿಗೆ ಮುಖ ಹಿಂಡಿದ. ಹಸಿಂತಾ ಅಕ್ಕಿ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಚಾಡಿ ಹೇಳಿದವಳು ಅವಳೇ.

ಬಲ್ತಸಾರ್‌ನ ದೋಣಿಯವರು ಶಾರ್ಕ್‌ಗಳ ರೆಕ್ಕೆ ಕೊಯ್ದು ಮಾರುತ್ತಿದ್ದಾರೆ ಎಂದು, ದ್ವೀಪದ ಕಾಡು ಕಡಲು ಕಾಯುವ ಪಾರ್ಕಿನವರಿಗೆ ಫೋನು ಮಾಡಿದ್ದು ಅವಳು. ಹಸಿಂತಾ ಗೈಡು. ಬೇರೆ ದೇಶದಿಂದ ಬಂದವರನ್ನು ಸೈಕಲ್ಲಿನಲ್ಲಿ ಜ್ವಾಲಾಮುಖಿಯ ಅಂಚಿಗೆ ಹತ್ತಿಸುವುದು, ಕಪ್ಪು ಕಲ್ಲಿನ ಮೇಲೆ ನಡೆಸುವುದು, ಕಯಾಕಿನಲ್ಲಿ ಕೂರಿಸಿ ಹುಟ್ಟು ಹಾಕಿಸುವುದು, ಸಮುದ್ರಕ್ಕಿಳಿಸಿ ಆಮೆ ತೋರಿಸುವುದು ಅವಳ ಅನ್ನ. ಹಾಗೆ ನೀರಿಗಿಳಿಸಿದ್ದ ಒಂದು ದಿನ, ತಳದ ಮರಳಿನ ಮೇಲೆ ರೆಕ್ಕೆಯಿಲ್ಲದ ಶಾರ್ಕ್‌ಗಳು ಸಾಲಾಗಿ ಬಿದ್ದಿದ್ದವು. ಜೀವ ಇತ್ತು. ಈಜಲಾರದೆ ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಸಣ್ಣ ಮೀನುಗಳು ಆಗಲೇ ಅವುಗಳ ಗಾಯ ತಿನ್ನುತ್ತಿದ್ದವು. ಅವಳು ಅಂದು ಈಜುಗನ್ನಡಕದೊಳಗೇ ಅತ್ತಳು, ಸಂಜೆ ಫೋನು ಮಾಡಿದಳು, ಹೆಸರು ಹೇಳದೆ ಇಟ್ಟಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರ ಕೆಲಸ ಹೀಗೇ ಇರುತ್ತದೆ.

ಪಾರ್ಕಿನವರು ಬಲ್ತಸಾರ್‌ನ ಮೋಟಾರು, ಸರಕು ಎಲ್ಲ ಹೊತ್ತೊಯ್ದರು. ಅವನನ್ನು ಒಂದು ತಿಂಗಳು ಒಳಗೆ ಹಾಕಿದರು. ಅದಕ್ಕೆ ಸ್ವಲ್ಪ ಮೊದಲಷ್ಟೇ ಯಾಂದ್ರಿ ಅವನ ದೋಣಿಯ ಕೆಲಸ ಬಿಟ್ಟು ಅಕ್ಕನ ಜೊತೆ ಪಂಗಾ ಎನ್ನುವ ಸಣ್ಣ ಮೋಟಾರು ದೋಣಿ ನಡೆಸಲು ಸೇರಿದ್ದ. ಊರಿಗೆ ಇನ್ನೇನು ಬೇಕು? ಎತ್ತಿಗೆ ಜ್ವರ ಬಂತು, ಎಮ್ಮೆಗೆ ಬರೆ ಬಿತ್ತು. ಯಾಂದ್ರಿಯ ಬಾಗಿಲಿಗೆ ಮೀನಿನ ಕರುಳು ಎಸೆದರು, ಸೈಕಲ್ ಟೈರು ಕೊಯ್ದರು, ಈಗ ತುಟಿ ಸೀಳಿದರು. ಬಲ್ತಸಾರ್ ಹೊರಗೆ ಬಂದ ದಿನ ಹೆಂಡದಂಗಡಿಯಲ್ಲಿ ಎಲ್ಲರ ಮುಂದೆ ಆಣೆ ಇಟ್ಟಿದ್ದನಂತೆ, ಚಾಡಿಕೋರನ ಕಥೆ ಮುಗಿಸುತ್ತೇನೆ ಎಂದು.

ನಾನೇ ಎಂದು ಹಸಿಂತಾ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬಲ್ತಸಾರ್ ಯಾರೋ ಆಗಿದ್ದರೆ ಹೇಳುತ್ತಿದ್ದಳೇನೋ. ಅವಳ ಮಗಳು ಮಾಯ್ರಾಳನ್ನು ಜ್ಞಾನಸ್ನಾನದ ದಿನ ಜ್ಞಾನತಂದೆಯಾಗಿ ಎತ್ತಿ ಹಿಡಿದವನು ಅವನು. ಅಂದಿನಿಂದ ಅವನು ಕಂಪಾದ್ರೆ, ಇವಳು ಕಮಾದ್ರೆ. ವಿಯಾಮಿಲ್ ಊರಿನಲ್ಲಿ ಗಂಡ ಹೆಂಡತಿ ಬೀದಿಗೆ ಬಂದು ಬಡಿದಾಡುತ್ತಾರೆ, ಅಣ್ಣತಮ್ಮಂದಿರು ಚೂರಿ ಹಿಡಿಯುತ್ತಾರೆ. ಆದರೆ ಕಂಪಾದ್ರೆ ಕಮಾದ್ರೆಯರು ಒಬ್ಬರ ಮೇಲೊಬ್ಬರು ಕೈ ಎತ್ತಿದ್ದನ್ನು ಯಾರೂ ಕಂಡಿಲ್ಲ. ಏಕವಚನವೂ ಸಲ್ಲ. ಕೈ ಎತ್ತಿದರೆ ಕೇಡು ಅಂದು ಎತ್ತಿ ಹಿಡಿದ ಕೂಸಿಗೇ ತಟ್ಟುತ್ತದೆ ಎನ್ನುತ್ತಾರೆ. ಇನ್ನು ಕಂಪಾದ್ರೆಯನ್ನು ಹಿಡಿದುಕೊಡುವುದು ಎಂಥ ಪಾಪ ಎಂದು ಹೇಳಲು ಆ ಊರಿನಲ್ಲಿ ಮಾತೇ ಹುಟ್ಟಿಲ್ಲ.

ಮರುದಿನ ಅವಳು ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಹುರಿದ ಬಾಳೆಕಾಯಿ ಕಟ್ಟಿಕೊಂಡು ಅವನ ಮನೆಗೆ ಹೋದಳು. ಬಲ್ತಸಾರ್ ಅಂಗಳದಲ್ಲಿ ಬೀಸುಬಲೆಯ ತೂತು ಹೊಲಿಯುತ್ತಿದ್ದ. ತಿಂಗಳಲ್ಲಿ ಮುದುಕನಾಗಿದ್ದ. ಅವನ ಅಕ್ಕನ ಮಗ ಸೆಗುಂದೊ, ಕೋಣನಂಥ ಮೈಕಟ್ಟಿನವನು, ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದ.

"ಬನ್ನಿ ಕಮಾದ್ರೆ, ಕೂತ್ಕೊಳ್ಳಿ. ನನ್ನ ಕೂಸು ಹೇಗಿದೆ?"

"ಚೆನ್ನಾಗಿದಾಳೆ. ನಿಮ್ಮನ್ನ ಕೇಳ್ತಿರ್ತಾಳೆ." ಹಸಿಂತಾ ಪಾತ್ರೆ ಕೆಳಗಿಟ್ಟಳು. "ಕಂಪಾದ್ರೆ, ಯಾಂದ್ರಿ ಹೇಳಿದ್ದಲ್ಲ."

"ಮತ್ತೆ ಯಾರು?"

ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿದಳು, ಮಾಯ್ರಾಳ ಹುಟ್ಟುಹಬ್ಬಕ್ಕೆ ತಪ್ಪದೆ ಸಿಗಡಿ ತರುತ್ತಿದ್ದ ಮುಖ.

"ಗೊತ್ತಿಲ್ಲ. ಅವನಲ್ಲ ಅಂತ ಮಾತ್ರ ಗೊತ್ತು."

ಬಲ್ತಸಾರ್ ಸೂಜಿಯನ್ನು ಬಲೆಗೆ ಚುಚ್ಚಿ ನಿಲ್ಲಿಸಿದ. "ನೀವು ನನ್ನ ಮನೆ ಮೆಟ್ಟಿಲು ಹತ್ತಿ ಬಂದು ಕೇಳಿದ್ರಿ. ಸಾಕು. ನಿಮ್ಮ ಮನೆಯವರ ಮೇಲೆ ನಾನು ಕೈ ಎತ್ತೋದಿಲ್ಲ."

ಅವಳಿಗೆ ಜೀವ ಬಂದ ಹಾಗಾಯಿತು. ಆ ಸಮಾಧಾನದಲ್ಲಿ ಊರಿನ ಇನ್ನೊಂದು ಮರ್ಯಾದೆಯನ್ನೂ ಪಾಲಿಸಿದಳು. ಕಂಪಾದ್ರೆ ದೋಣಿ ಕಟ್ಟಿಹಾಕುವ ಕಡೆಗೆ ಹೊರಗಿನವರನ್ನು ಕರೆದೊಯ್ಯುವ ಮೊದಲು ಒಂದು ಮಾತು ಹೇಳಿ ಹೋಗಬೇಕು. ಅವನಿಗೆ ಅಡಗಿಸುವುದೇನಾದರೂ ಇದ್ದರೆ ಅಡಗಿಸಲಿ, ಇವಳಿಗೆ ನೋಡಬಾರದ್ದನ್ನು ನೋಡುವ ಸಂಕಟ ತಪ್ಪಲಿ ಎಂದು.

"ಗುರುವಾರ ಕಾಂಡ್ಲಾ ಕೊಲ್ಲಿಗೆ ಬರ್ತೀನಿ. ಕಯಾಕ್ ಹೊಡೆಯೋ ಅತಿಥಿಗಳು ಇದಾರೆ."

"ಬನ್ನಿ, ಬನ್ನಿ. ಪಂಗಾ ನಡೆಸೋದು ಯಾರು?"

"ಯಾಂದ್ರಿ."

"ಒಳ್ಳೇದು," ಎಂದ ಬಲ್ತಸಾರ್. ಸೆಗುಂದೊ ತಲೆ ಎತ್ತಲಿಲ್ಲ, ಕತ್ತಿ ಮಸೆಯುತ್ತಲೇ ಇದ್ದ. ಅಣ್ಣತಮ್ಮ ಚೂರಿ ಹಿಡಿಯುವ ಊರಿನಲ್ಲಿ ಹುಟ್ಟಿ ಬೆಳೆದವಳು, ಅಷ್ಟೊಂದು ತಿಳಿದವಳು, ಆ ಪ್ರಶ್ನೆ ಯಾಕೆ ಬಂತು ಎಂದು ಯೋಚಿಸಲಿಲ್ಲ. ಕಂಪಾದ್ರೆಯ ಬಾಯಲ್ಲಿ ಬಂದ ಮಾತನ್ನು ಅನುಮಾನಿಸುವುದು ಅವಳಿಗೆ ಬರುತ್ತಲೇ ಇರಲಿಲ್ಲ.

ಬುಧವಾರ ಅತಿಥಿಗಳನ್ನು ಸೈಕಲ್ಲಿನಲ್ಲಿ ಜ್ವಾಲಾಮುಖಿಗೆ ಹತ್ತಿಸಿದಳು. ಅವರ ಪೈಕಿ ಬ್ರೆಂಟ್ ಎಂಬ ಗಡ್ಡದವನು ಎದೆಗೆ ಕ್ಯಾಮೆರಾ ಕಟ್ಟಿಕೊಂಡೇ ಉಣ್ಣುತ್ತಿದ್ದ, ಬಹುಶಃ ಮಲಗುತ್ತಿದ್ದ ಕೂಡ. ದಾರಿಯಲ್ಲಿ ಗಿಡುಗವೊಂದು ಓತಿಯ ಮರಿಯನ್ನು ಕಾಲಡಿ ಒತ್ತಿ ಹಿಡಿದು, ಬದುಕಿದ್ದಂತೆಯೇ ಹೊಟ್ಟೆ ಹರಿಯುತ್ತಿತ್ತು. ಎಲ್ಲರೂ ಸೈಕಲ್ ಬಿಸಾಕಿ ಮಂಡಿಯೂರಿದರು. ಇಂಥ ಭಾಗ್ಯ ಎಲ್ಲರಿಗೂ ಸಿಗಲ್ಲ ಎಂದ ಬ್ರೆಂಟ್, ಮರಿಯ ಬಾಲ ಇನ್ನೂ ಆಡುತ್ತಿರುವಾಗ. ಅದೂ ಒಂದು ಜೀವ, ಇವರು ಕೊಟ್ಟ ದುಡ್ಡಿನ ಆಟವಲ್ಲ ಎಂದು ಹಸಿಂತಾಳಿಗೆ ಹೇಳಬೇಕೆನಿಸಿತು. ಗೈಡಿನ ಕೆಲಸದಲ್ಲಿ ಅಂಥ ಮಾತಿಗೆ ಜಾಗವಿಲ್ಲ.

ಗುರುವಾರ ಬೆಳಿಗ್ಗೆ ಕೊಲ್ಲಿ ತಟ್ಟೆಯಲ್ಲಿ ಹಾಲಿಟ್ಟ ಹಾಗೆ ಅಲುಗದೆ ಇತ್ತು. ಕಯಾಕುಗಳು ಕಾಂಡ್ಲಾ ಮರಗಳ ಬೇರುಗಳ ಪಕ್ಕದಲ್ಲಿ ಹೋಗುತ್ತಿದ್ದವು, ಯಾಂದ್ರಿ ಪಂಗಾದಲ್ಲಿ ಹಿಂದೆ ಬರುತ್ತಿದ್ದ. ಕಲ್ಲಿನ ಮೇಲೆ ನಿಂತ ಪೆಂಗ್ವಿನ್ ಒಂದನ್ನು ತೋರಿಸಿ, "ಅದು ನಮ್ಮ ಗೋಲ್ ಕೀಪರು. ನಿಲ್ಲೋದೊಂದು ಬಿಟ್ಟು ಏನೂ ಬರಲ್ಲ," ಎಂದು ಅಕ್ಕನನ್ನು ನಗಿಸಿದ. ಆಗಲೇ ಕೊಲ್ಲಿಯ ಬಾಯಿಯಿಂದ, ಎರವಲು ಮೋಟಾರು ಹಾಕಿದ ಬಲ್ತಸಾರ್‌ನ ದೋಣಿ ಒಳಗೆ ನುಗ್ಗಿ ಬಂದದ್ದು.

ಅದು ನಿಧಾನ ಮಾಡಲಿಲ್ಲ. ಅಡ್ಡ ಬಂದ ಕಯಾಕೊಂದನ್ನು ಮಗುಚಿ ಹಾಕಿ, ನೇರ ಪಂಗಾಕ್ಕೆ ಗುದ್ದಿತು. ಅಂಚಿನ ಮರ ಸೀಳಿದ ಸದ್ದಿಗೆ ಹಕ್ಕಿಗಳೆಲ್ಲ ಎದ್ದವು. ಯಾಂದ್ರಿ ಎದ್ದು ನಿಲ್ಲುವ ಮೊದಲೇ ಸೆಗುಂದೊ ಪಂಗಾಕ್ಕೆ ಹಾರಿದ್ದ, ಕೈಯಲ್ಲಿ ಮೀನಿನ ತಲೆಗೆ ಬಡಿಯುವ ಕೊರಡು. ಮೊದಲ ಏಟು ಭುಜಕ್ಕೆ, ಎರಡನೆಯದು ಪಕ್ಕೆಗೆ. ಪಕ್ಕೆಲುಬು ಮುರಿದದ್ದು ಹಸಿಂತಾಳಿಗೆ ಅಷ್ಟು ದೂರದಿಂದ ಕೇಳಿಸಿತು. ಬ್ರೆಂಟ್ ಏನೋ ಕೂಗುತ್ತ ಹತ್ತಿರ ಬಂದ. ಸೆಗುಂದೊ ತಿರುಗಿ ಒಂದು ಬೀಸಿದ, ಬ್ರೆಂಟ್‌ನ ಹುಟ್ಟು ಎರಡು ತುಂಡಾಯಿತು. ಅವನು ಹಿಂದಕ್ಕೆ ಸರಿದು ಎದೆಯ ಕ್ಯಾಮೆರಾವನ್ನು ಅಂಗೈಯಿಂದ ಮುಚ್ಚಿಕೊಂಡ. ಮಿಕ್ಕವರು ಬೇರುಗಳ ಸಂದಿಗೆ ಸೇರಿಕೊಂಡರು.

ಹಸಿಂತಾ ತನ್ನ ಕಯಾಕಿನಿಂದ ಪಂಗಾ ಹತ್ತಿದಾಗ ತಮ್ಮ ಬಿದ್ದಿದ್ದ. ಸೆಗುಂದೊ ಒದೆಯುತ್ತಿದ್ದ. ಬಲ್ತಸಾರ್ ತನ್ನ ದೋಣಿಯ ಮುಂದೆ ನಿಂತಿದ್ದ, ಎರಡೂ ಕೈ ಬೆನ್ನ ಹಿಂದೆ.

"ಮಾತು ಕೊಟ್ಟಿದ್ರಿ ಕಂಪಾದ್ರೆ."

"ಮಾತು ಉಳಿಸ್ಕೊಂಡಿದೀನಿ ಕಮಾದ್ರೆ. ನನ್ನ ಕೈ ನೋಡಿ, ಎಲ್ಲಿದೆ?"

ಅವಳು ಯಾಂದ್ರಿಯ ಮೇಲೆ ಬೋರಲು ಬಿದ್ದು ಮೈಯಿಂದ ಮುಚ್ಚಿದಳು. ಸೆಗುಂದೊ ಅವಳಿಗೆ ತಗಲದಂತೆ ಜಾಗ ಹುಡುಕಿ ಹುಡುಕಿ ತಮ್ಮನ ಕಾಲಿಗೆ ಬಡಿದ. ಅವಳ ಕೆಳಗೆ ಯಾಂದ್ರಿಯ ಮೈ ಪ್ರತಿ ಏಟಿಗೂ ಎಗರುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ಅವನಲ್ಲ, ನಾನು. ಪಾರ್ಕಿಗೆ ಫೋನ್ ಮಾಡಿದ್ದು ನಾನು."

ಕೊರಡು ಮೇಲೆಯೇ ನಿಂತಿತು. ಬಲ್ತಸಾರ್ ಪಂಗಾಕ್ಕೆ ಇಳಿದು ಬಂದ. ಕೋಪಕ್ಕಿಂತ ನೋವೇ ಹೆಚ್ಚಿತ್ತು ಅವನ ಮುಖದಲ್ಲಿ.

"ನೀವು?"

"ನಾನೇ. ನನ್ನ ಹೊಡೀರಿ."

"ಒಂದು ಸಲ ನನ್ನ ಹತ್ರ ಬಂದು ಬೈಯಬಹುದಿತ್ತಲ್ಲ ಕಮಾದ್ರೆ. ನಿಮ್ಮ ಕೈಲಿ ಬೈಸ್ಕೊಳ್ತಿದ್ದೆ." ಅವನು ಕಣ್ಣೊರೆಸಿಕೊಂಡ. "ಈಗ ನಿಮ್ಮನ್ನ ಮುಟ್ಟೋ ಹಾಗಿಲ್ಲ. ಇಲ್ಲೀತನಕ ಬಿದ್ದದ್ದು ಅವನ ಪಾಲು ಅಂದ್ಕೊಂಡಿದ್ದೆ. ಅದು ಸುಮ್ನೆ ಬಿತ್ತು. ನಿಮ್ಮ ಪಾಲು ಇನ್ನೂ ಹಾಗೇ ಇದೆ. ಅದನ್ನೂ ಅವನೇ ತಗೋಬೇಕು."

ಹೇಳಿದವನು ತನ್ನ ದೋಣಿಯಲ್ಲಿ ಬಿದ್ದಿದ್ದ ಬೀಸುಬಲೆ ಎತ್ತಿ ಅವಳ ಮೇಲೆ ಎಸೆದ. ಬಲೆ ಎಸೆಯುವುದು ಹೊಡೆಯುವುದಲ್ಲವಲ್ಲ. ಸೀಸದ ಗುಂಡುಗಳು ಅವಳ ಬೆನ್ನಿಗೆ, ತಲೆಗೆ ಬಡಿದವು. ಬಲೆಯ ಬಾಯಿ ಎಳೆದು ಅವಳನ್ನು ಮೀನಿನ ಹಾಗೆ ತಮ್ಮನ ಮೇಲಿಂದ ಉರುಳಿಸಿದ. ದಾರದ ಕಣ್ಣುಗಳೊಳಗಿಂದ ಅವಳು ಎಲ್ಲ ನೋಡಿದಳು. ಸೆಗುಂದೊ ಯಾಂದ್ರಿಯ ಬಲಗೈಯನ್ನು ಪಂಗಾದ ಅಂಚಿಗೆ ಒತ್ತಿ ಹಿಡಿದ. ಯಾಂದ್ರಿ ಅಕ್ಕ ಎಂದ, ಅಮ್ಮ ಎಂದ. ಸೆಗುಂದೊನ ಸೊಂಟದಲ್ಲಿದ್ದ ಕತ್ತಿ ಒಂದೇ ಸಲ ಇಳಿಯಿತು. ಬೆರಳುಗಳು ನೀರಿಗೆ ಬಿದ್ದವು, ಸಣ್ಣ ಮೀನುಗಳು ಕೂಡಲೇ ಮುತ್ತಿದವು.

ಅವಳು ಬಲೆ ಹರಿದುಕೊಂಡು ಎದ್ದಳೋ, ಬಲೆಯ ಸಮೇತ ಎದ್ದಳೋ ಅವಳಿಗೇ ಗೊತ್ತಿಲ್ಲ. ಕಯಾಕಿನ ಹುಟ್ಟು ಕೈಗೆ ಬಂದಿತ್ತು. ಮೊದಲ ಏಟಿಗೆ ಬಲ್ತಸಾರ್‌ನ ಕಿವಿ ಹರಿಯಿತು. ಅವನು ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡ. ಸೆಗುಂದೊ ಮುಂದೆ ಬಂದ.

"ಮುಟ್ಟಬೇಡ ಅವರನ್ನ," ಎಂದ ಬಲ್ತಸಾರ್. "ಹೊಡೀರಿ ಕಮಾದ್ರೆ."

ಅವನು ತಪ್ಪಿಸಿಕೊಳ್ಳಲಿಲ್ಲ, ತಲೆ ಕೂಡ ಬಾಗಿಸಲಿಲ್ಲ. ಕೈ ಎತ್ತಿದ್ದರೆ, ಒಂದು ಬೈಗುಳವಾದರೂ ಬೈದಿದ್ದರೆ ಅವಳ ಸಿಟ್ಟಿಗೆ ನಿಲ್ಲಲು ನೆಲ ಸಿಗುತ್ತಿತ್ತು. ಮೂಗು ಮುರಿಯಿತು, ಹುಬ್ಬು ಒಡೆಯಿತು, ಮೊಣಕಾಲೂರಿದ. ಅವಳು ಹೊಡೆಯುತ್ತಲೇ ಇದ್ದಳು. ಊರಿನಲ್ಲಿ ಯಾರೂ ಕಾಣದೆ ಇದ್ದದ್ದು ಇಂದು ಕಂಡಿತು, ಎತ್ತಿದ ಕೈ ಅವಳದು. ಮಾಯ್ರಾಳ ನೆನಪಾಯಿತು, ಆದರೂ ತೋಳು ನಿಲ್ಲಲಿಲ್ಲ. ಕೊನೆಗೆ ಅವನು ಮಗ್ಗುಲಾಗಿ ಬಿದ್ದು ಉಸಿರಿಗೆ ರಕ್ತದ ಗುಳ್ಳೆ ಬಂದಾಗ ಸೆಗುಂದೊ ಅವನನ್ನು ಹೆಗಲಿಗೆ ಹಾಕಿಕೊಂಡು ದೋಣಿಗೆ ಎತ್ತಿಕೊಂಡ. ಹೋಗುವಾಗ ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಹೇಸಿಗೆಯಿತ್ತು.

ಅವಳು ಅಂಗಿ ಬಿಚ್ಚಿ ತಮ್ಮನ ಕೈಗೆ ಸುತ್ತಲು ಹೋದಳು. ಯಾಂದ್ರಿ ಕೈ ಎಳೆದುಕೊಂಡ. ಮುಖ ಬೂದಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

"ನೀನಾ ಅಕ್ಕ?"

"ಕೈ ಕೊಡು. ರಕ್ತ ಹೋಗ್ತಿದೆ."

"ಅನ್ನ ಬಡಿಸ್ತಿದ್ದೆ. ತುಟಿಗೆ ಐಸ್ ಇಟ್ಕೊ ಅಂದೆ. ಬಾಯಿ ಮುಚ್ಕೊ ಅಂದೆ."

"ಹೇಳಬೇಕು ಅಂತಲೇ ಇದ್ದೆ ಯಾಂದ್ರಿ."

ಅವನು ಉಳಿದಿದ್ದ ಎಡಗೈಯಿಂದ ಅವಳ ಕೆನ್ನೆಗೆ ಹೊಡೆದ. ಮತ್ತೆ ಹೊಡೆದ. ಅವನಿಗೆ ಅವಳು ಕಮಾದ್ರೆಯಲ್ಲ, ಬರೀ ಅಕ್ಕ. ಅಕ್ಕನ ಮೇಲೆ ಕೈ ಎತ್ತಬಾರದು ಎಂದು ಆ ಊರಿನಲ್ಲಿ ಯಾರೂ ಕಟ್ಟು ಮಾಡಿಲ್ಲ. ಹಸಿಂತಾ ಎರಡೂ ಕೈ ಕೆಳಗೆ ಬಿಟ್ಟು, ಅವನು ಸೋತು ಒರಗುವವರೆಗೆ ಹೊಡೆಸಿಕೊಂಡಳು. ಆಮೇಲೆ ಅವನ ಕೈಗೆ ಅಂಗಿ ಬಿಗಿದು, ಮೋಟಾರಿನ ಹಗ್ಗ ಎಳೆದಳು.