ಅಜ್ಜನ ಮಾಳಿಗೆಯ ಮಣ್ಣು

ಎಷ್ಟೇ ಸಿಟ್ಟು ಬಂದರೂ ಬಾಯಿ ಬಿಡುವುದಿಲ್ಲವೆಂದು ಹೆಂಡತಿ ರತ್ನಮಾಲಾಳ ತಲೆ ಮುಟ್ಟಿ ಆಣೆ ಮಾಡಿಯೇ ಶೈಲೇಶ ಹುಮನಾಬಾದಿಗೆ ಬಂದಿದ್ದ. ಆ ಬಾಯಿ ಆಗಲೇ ಎರಡು ಕೆಲಸ ನುಂಗಿತ್ತು. ಈ ಸಲ ಅರಿವೆ ಅಂಗಡಿಯ ಮಹಾರುದ್ರಪ್ಪ ಸಾಹುಕಾರರ ಹಿತ್ತಲಲ್ಲಿ ಕಾಯಿಪಲ್ಲೆಗೆ ಒಂದು ಏರುಮಡಿ ಮಾಡಬೇಕು. ಅದು ಚಂದ ಬಂದರೆ, ಸಾಹುಕಾರರ ತಂಗಿಯ ಮಗಳು ಅನುರಾಧಾ ಟೀಚರ್ ಬಸವಕಲ್ಯಾಣದಲ್ಲಿ ನಡೆಸುವ ಹುಡುಗಿಯರ ಹಾಸ್ಟೆಲಿನಲ್ಲಿ ಅಂಥವೇ ಇಪ್ಪತ್ತು ಮಡಿ, ಆಮೇಲೆ ಅವನ್ನು ನೋಡಿಕೊಳ್ಳುವ ಕಾಯಂ ಕೆಲಸ.

ಮೊಳದೆತ್ತರಕ್ಕೆ ಇಟ್ಟಿಗೆ ಪೇರಿಸಿ, ನೀರು ಬಸಿಯಲೆಂದು ತಳಕ್ಕೆ ಜಲ್ಲಿ ಹಾಸಿ, ಕೆಂಪು ಮಣ್ಣು, ಕಳಿತ ತಿಪ್ಪೆಗೊಬ್ಬರ, ಒಂದಿಷ್ಟು ಉಸುಕು ಕಲಸಲು ಕೂತ. ಸಾಹುಕಾರರು ಹಲ್ಲಿಗೆ ಕಡ್ಡಿ ಚುಚ್ಚಿಕೊಳ್ಳುತ್ತ ಬಂದರು.

"ಏ ಶೈಲ್ಯಾ, ಹೊರಗಿನ ಮಣ್ಣ ಯಾಕೋ? ನಮ್ಮನ್ಯಾಗ ಮಣ್ಣಿಗಿ ಬರ ಬಂದದೇನು? ಅಲ್ಲಿ ನೋಡು."

ಗೋಡೆಗೊರಗಿ ಒಂದು ದಿಬ್ಬವಿತ್ತು. ಹೋದ ವರ್ಷ ಹಳೆ ಮನೆ ಕೆಡವಿದಾಗ ಮಾಳಿಗೆ ಮೇಲಿಂದ ಇಳಿಸಿದ್ದು. ಮಳೆನೀರು ಒಳಗೆ ಇಳಿಯಬಾರದೆಂದು ಹಿಂದಿನವರು ಹೊದಿಸುತ್ತಿದ್ದ ಕರ್ಲ ಮಣ್ಣು.

"ನಮ್ಮಜ್ಜ ಎತ್ತಿನ ಗಾಡಿ ಹೂಡಿ ತಂದಿದ್ದು. ಎಂಬತ್ತ ವರ್ಷ ಒಂದ ಹನಿ ಕೆಳಗ ಬಿಟ್ಟಿಲ್ಲ!"

"ಅದಕ್ಕ ಬ್ಯಾಡ ಅನ್ನಾಕತ್ತೀನ್ರಿ ಸಾವ್ಕಾರ್ರ. ಹನಿ ಕೆಳಗ ಬಿಡಲಿಲ್ಲಂದ್ರ ಬೇರು ಏನ್ ಕುಡೀಬೇಕ್ರಿ?"

"ಎಷ್ಟನೇ ಈಯತ್ತಾ ಕಲ್ತೀದಿ?"

"ಎಂಟನೇದು ಫೇಲ್ ರಿ."

"ನಾ ಬಿ.ಕಾಂ. ಬಾಯಿ ಮುಚ್ಚಿ ತುಂಬು."

ಬಿ.ಕಾಂ.ನಲ್ಲಿ ಮೆಂತ್ಯದ ಬೇರಿನ ಪಾಠ ಯಾವ ಪುಟದಲ್ಲಿದೆ ಎಂಬ ಪ್ರಶ್ನೆ ಶೈಲೇಶನ ಗಂಟಲತನಕ ಬಂತು. ರತ್ನಮಾಲಾಳ ತಲೆ ನೆನಪಾಗಿ ನುಂಗಿದ. ಸಾಹುಕಾರರ ಅಜ್ಜನನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಮಡಿಗೆ ಸುರಿದ. ಸಾಹುಕಾರರು ಇಟ್ಟಿಗೆಗೆ ವಿಭೂತಿ ಬಳಿದು, ಮೆಂತ್ಯದ ಬೀಜ ತಾವೇ ಉದುರಿಸಿದರು.

ಎಂಟು ದಿನ ಬಿಟ್ಟು ಅನುರಾಧಾ ನೋಡಲು ಬಂದಳು. ಹಿಂದಿನ ದಿನ ಮಳೆ ಸರಿಯಾಗಿ ಬಾರಿಸಿತ್ತು. ಏರುಮಡಿ ತುಂಬಿದ ಹೊಂಡವಾಗಿತ್ತು. ಕೊಳೆತ ಮೊಳಕೆಗಳು ತೇಲುತ್ತಿದ್ದವು. ನಡುವೆ ಒಂದು ಕಪ್ಪೆ ಮನೆಯಳಿಯನ ಠೀವಿಯಲ್ಲಿ ಕೂತಿತ್ತು.

"ಕಪ್ಪಿ ಬೆಳಿಯಾಕತ್ತೀರೇನ್ರಿ ಮಾಮಾ?" ಎಂದಳು ಅನುರಾಧಾ.

"ಎಲ್ಲಾ ಈ ಎಂಟನೇ ಫೇಲ್ ಮಾಡಿದ್ದವ್ವಾ," ಎಂದುಬಿಟ್ಟರು ಸಾಹುಕಾರರು.

ಆಣೆ ಅಲ್ಲಿಗೆ ಮುಗಿಯಿತು. ರತ್ನಾ, ತಲೆ ಗಟ್ಟಿ ಹಿಡ್ಕೋ ಎಂದು ಮನಸ್ಸಿನಲ್ಲೇ ಹೇಳಿ, ಶೈಲೇಶ ಹಾರೆ ತಂದು ಮಡಿಯ ನಡುಸಾಲಿನ ಇಟ್ಟಿಗೆಯೊಂದನ್ನು ಮೀಟಿ ಕಿತ್ತ. ನೀರು ನುಗ್ಗೀತೆಂದು ಸಾಹುಕಾರರು ಧೋತರ ಎತ್ತಿಕೊಂಡು ಹಿಂದೆ ಜಿಗಿದರು. ಒಂದು ಹನಿಯೂ ಬರಲಿಲ್ಲ. ಶೈಲೇಶ ಆ ಕಂಡಿಗೆ ಕೈ ಹಾಕಿ ಹಿಡಿ ಮಣ್ಣು ತೆಗೆದು ಉಫ್ ಎಂದು ಊದಿದ. ಧೂಳು ಹಾರಿ ಸಾಹುಕಾರರ ಮೀಸೆ ಮೇಲೆ ಕೂತಿತು.

"ನೋಡ್ರೀ ಟೀಚರ್ರ, ಮ್ಯಾಲ ಕೆರಿ, ಕೆಳಗ ಧೂಳ! ಮನಿ ಕೆಡವಿದ್ದು ಇವರಜ್ಜಗ ಯಾರೂ ಹೇಳಿಲ್ರಿ. ಅಂವಾ ಇನ್ನಾ ಮಾಳಿಗಿ ಕಾಯಾಕತ್ತಾನ!"

ಹೋಯಿತು, ಇದೂ ಹೋಯಿತು ಎಂದುಕೊಂಡು ಹಾರೆ ಹೆಗಲಿಗಿಟ್ಟ. ಅನುರಾಧಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಸೋಮವಾರ ಬಸವಕಲ್ಯಾಣಕ್ಕ ಬಾರಪಾ. ಮಣ್ಣ ನೀ ಹೇಳಿದ್ದೇ ತರಸ್ತೀನಿ."

ಸಾಹುಕಾರರು ಮೀಸೆ ಒರೆಸಿಕೊಂಡರು. ಸೋತ ಲಕ್ಷಣ ಮುಖದ ಮೇಲೆ ಎಲ್ಲೂ ಇರಲಿಲ್ಲ. "ನೋಡಿದೇನವ್ವಾ? ಈಗೂ ಒಂದ ಹನಿ ಕೆಳಗ ಬಿಟ್ಟಿಲ್ಲ! ಉಳಿದ ಮಣ್ಣೆಲ್ಲಾ ನಿನ್ನ ಹಾಸ್ಟೆಲ್ಲಿಗಿ ದಾನ ಕೊಟ್ಟೆ. ನಾಳಿಗೇ ಟ್ರಾಕ್ಟರ್ ಕಳಸ್ತೀನಿ."

ಶೈಲೇಶ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದು, ಹುಟ್ಟಿದಾಗಿನಿಂದ ಎಂದೂ ಮಾತಾಡಿರದಷ್ಟು ಮೆತ್ತಗೆ ಕೇಳಿದ:

"ಟೀಚರ್ರ, ನಿಮ್ಮ ಹಾಸ್ಟೆಲ್ದಾಗ ಮಾಳಿಗಿ ಎಲ್ಲೆರ ಸೋರ್ತದೇನ್ರಿ?"